ರಕ್ಷಣಾ ಖರೀದಿ: ಕೈಪಿಡಿ ಬದಲಾಯಿತು, ಕೈ ಪಳಗಿತೇ?

ಕಾರ್ಗಿಲ್ ಸಮರದ ತರುವಾಯ, ಸಚಿವರ ಸಮಿತಿಯ ಶಿಫಾರಸಿನಂತೆ, 2001ರಲ್ಲಿ ರಕ್ಷಣಾ ಸಚಿವಾಲಯದಲ್ಲಿ ಪ್ರತ್ಯೇಕ ಖರೀದಿ ವಿಭಾಗವು ಅಸ್ತಿತ್ವಕ್ಕೆ ಬಂದಿತು. ಮರುವರ್ಷವೇ ಖರೀದಿಯ ಕಾರ್ಯವಿಧಾನವೂ ಪ್ರಕಟವಾಯಿತು. ಅಂದಿನಿಂದ ಅದನ್ನು ಹಲವು ಬಾರಿ ತಿದ್ದಲಾಗಿದೆ. ದೈನಂದಿನ ಖರೀದಿಯ ಹೊಸ ಕೈಪಿಡಿ 2025ರ ನವೆಂಬರ್ 1ರಂದು ಜಾರಿಗೆ ಬಂದಿದೆ. ನಿಯಮ ತಿದ್ದುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆ ನಿಯಮದಂತೆ ನಡೆಯಬೇಕಾದ ಅಧಿಕಾರಿಯನ್ನು ಸಜ್ಜುಗೊಳಿಸುವುದರಲ್ಲಿ ಮಾತ್ರ ಅಷ್ಟೇ ಆಸ್ಥೆ ಕಾಣಿಸದು.

ರೆಜಿಮೆಂಟಿನಿಂದಲೋ ಯುದ್ಧನೌಕೆಯಿಂದಲೋ ದೆಹಲಿಗೆ ಬಂದ ಅಧಿಕಾರಿಗಳು ಒಮ್ಮೆಲೇ ತಾಂತ್ರಿಕ ಮೌಲ್ಯಮಾಪನ, ಬೆಲೆಯ ಚೌಕಾಸಿ, ಬ್ಯಾಂಕ್ ಗ್ಯಾರಂಟಿಗಳ ನಡುವೆ ನಿಲ್ಲಬೇಕಾಗುತ್ತದೆ. ಎದುರಿಗೆ ಕುಳಿತ ಕಂಪನಿಯ ಪ್ರತಿನಿಧಿ ಇದೇ ಕೆಲಸದಲ್ಲಿ ತಲೆ ನರೆತವರು. ನಮ್ಮವರು ವಿಷಯದ ಒಳಹೊರಗನ್ನು ಅರಿಯುವ ಹೊತ್ತಿಗೆ, ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ, ವರ್ಗಾವಣೆಯ ಆದೇಶ ಬಂದಿರುತ್ತದೆ. ಕಡತ ಉಳಿಯುತ್ತದೆ, ಅನುಭವ ರೈಲು ಹತ್ತುತ್ತದೆ. ಪುಣೆ, ಸಿಕಂದರಾಬಾದುಗಳಲ್ಲಿ ಸೇನೆ ಅಥವಾ ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ದುಡಿದ ನಮ್ಮ ಓದುಗರಿಗೆ ಇದು ಹೊಸ ಮಾತೇನಲ್ಲ.

126 ಯುದ್ಧವಿಮಾನಗಳ ಟೆಂಡರನ್ನು 2007ರಲ್ಲಿ ಕರೆಯಲಾಯಿತು. 2012ರಲ್ಲಿ ಕನಿಷ್ಠ ಬೆಲೆಯ ರಫೇಲ್ ಆಯ್ಕೆಯಾದರೂ ಮಾತುಕತೆ ದಡ ಸೇರಲಿಲ್ಲ. 2016ರಲ್ಲಿ ಸಹಿ ಬಿದ್ದದ್ದು 36ಕ್ಕೆ. ತರಬೇತಿಯ ಕೊರತೆಯೊಂದೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಒಂದೇ ಕಡತವನ್ನು ಎಷ್ಟು ಮಂದಿ ಹೊಸದಾಗಿ ಓದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅಮೆರಿಕವು 1990ರ ಕಾನೂನಿನ ಮೂಲಕ ರಕ್ಷಣಾ ಖರೀದಿಯನ್ನೇ ಒಂದು ವೃತ್ತಿಯೆಂದು ಪರಿಗಣಿಸಿ, ಅದಕ್ಕೆಂದೇ ವಿಶ್ವವಿದ್ಯಾಲಯವನ್ನು ತೆರೆಯಿತು. ಅಲ್ಲಿಯೂ ವಿಳಂಬ ತಪ್ಪಿಲ್ಲ, ಎಫ್-35ರ ಕಥೆಯೇ ಸಾಕ್ಷಿ. ನಮ್ಮಲ್ಲಿಯೂ ಸಿಕಂದರಾಬಾದಿನ ರಕ್ಷಣಾ ನಿರ್ವಹಣಾ ಕಾಲೇಜಿನಂಥ ಸಂಸ್ಥೆಗಳಿವೆ. ಆದರೆ ತರಗತಿಯಲ್ಲಿ ಕಲಿಯಲಾಗದ ವಿದ್ಯೆಯೊಂದಿದೆ. ಯಾವ ಷರತ್ತನ್ನು ಬಿಟ್ಟುಕೊಡಬಹುದು, ಎಲ್ಲಿ ಪಟ್ಟು ಹಿಡಿಯಬೇಕು, ನಾಳೆ ವಿಚಾರಣೆ ಬಂದರೂ ನಿಲ್ಲುವಂತೆ ಟಿಪ್ಪಣಿಯನ್ನು ಹೇಗೆ ಬರೆಯಬೇಕು ಎಂಬುದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಹೊರಡುವವರೂ ಬರುವವರೂ ಕೆಲವು ತಿಂಗಳು ಜೊತೆಗೂಡಿ ದುಡಿಯುವ ಏರ್ಪಾಡಾದರೂ ಬೇಕು. ನಿವೃತ್ತರನ್ನು ಮಾರ್ಗದರ್ಶಕರನ್ನಾಗಿಸಬಹುದು, ಆದರೆ ಅವರಲ್ಲಿ ಕೆಲವರು ಕಂಪನಿಗಳ ಸಲಹೆಗಾರರೂ ಆಗುವುದರಿಂದ ಎಚ್ಚರ ಅಗತ್ಯ.

ಬೆಂಗಳೂರಿನ ಎಚ್‌ಎಎಲ್‌ನೊಡನೆ 2025ರ ಸೆಪ್ಟೆಂಬರಿನಲ್ಲಿ 97 ತೇಜಸ್ ವಿಮಾನಗಳಿಗೆ 62,370 ಕೋಟಿ ರೂಪಾಯಿಗೂ ಹೆಚ್ಚಿನ ಒಪ್ಪಂದವಾಗಿದೆ. 2021ರಲ್ಲಿ ಕೇಳಿದ್ದ 83 ವಿಮಾನಗಳು ಅಮೆರಿಕದ ಎಂಜಿನ್ ತಡವಾದ್ದರಿಂದ ಹೇಳಿದ ವೇಳೆಗೆ ಕೈಸೇರಲಿಲ್ಲ. ಹೊಸ ವಿಮಾನಗಳ ಹಸ್ತಾಂತರ 2027-28ರಲ್ಲಿ ಆರಂಭವಾಗಿ ಆರು ವರ್ಷ ನಡೆಯಬೇಕು. ಅಷ್ಟರಲ್ಲಿ ಈ ಕಡತದ ಮೇಜಿಗೆ ಮೂರನೆಯ ಅಧಿಕಾರಿಯೋ ನಾಲ್ಕನೆಯವರೋ ಬಂದು ಕುಳಿತಿರುತ್ತಾರೆ.