ಮನದ ಕಳವಳ, ಹೊಟ್ಟೆಯ ಸಂಕಟ

ಕಂದಿಕೆರೆಯ ಕಡೆ ಅಟ್ಟವೇರಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ತಿಪಟೂರಿನ ಧಾರಣೆ ಏನಾದೀತೆಂಬ ಚಿಂತೆ ಯಜಮಾನರನ್ನು ಬಿಡದು. ಹರಾಜಿನ ದಿನವಂತೂ ಬರಿಹೊಟ್ಟೆಗೆ ಮೂರು ಲೋಟ ಕಾಫಿ. ಸಂಜೆಗೆ ಹೊಟ್ಟೆ ಹಿಂಡಿದಂತಾಗುವುದು. ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದರೆ ಮನೆಯವರು ಅದನ್ನು ನೆಪವೆಂದು ಬಗೆಯುವುದುಂಟು. ಅದು ತಪ್ಪು. ಮೆದುಳಿಗೂ ಕರುಳಿಗೂ ನರಗಳ ಸಂಬಂಧವಿದೆ. ಮನಸ್ಸು ಕಲಕಿದಾಗ ಕರುಳಿನ ಚಲನೆ ಏರುಪೇರಾಗಿ, ಸಣ್ಣ ಸೆಳೆತವೂ ದೊಡ್ಡ ನೋವಾಗಿ ತೋರುತ್ತದೆ. ನೋವು ನಿಜವೇ.

ಹಾಗೆಂದು ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಲಾಗದು. ಜಠರದ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು ಕಾರಣವೆಂದು ಕಂಡುಹಿಡಿದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೋವಿನ ಮಾತ್ರೆಗಳೂ ಹುಣ್ಣು ಮಾಡಬಲ್ಲವು. ಕಾಯಿ ಸುಲಿದ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವವರು ಗಮನಿಸಬೇಕು. ಮಲ ಕಪ್ಪಾದರೆ, ರಕ್ತವಾಂತಿಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತೂಕ ಇಳಿಯುತ್ತಿದ್ದರೂ ಪರೀಕ್ಷೆಯನ್ನು ಮುಂದೂಡಬಾರದು.

ಉಳಿದಂತೆ ಮನೆಯಲ್ಲೇ ಆಗುವುದು ಬಹಳವಿದೆ. ಮಾರುಕಟ್ಟೆಗೆ ಹೊರಡುವ ಮುನ್ನ ಒಂದು ರಾಗಿ ರೊಟ್ಟಿಯಾದರೂ ತಿನ್ನಿರಿ, ಕಾಫಿ ಆಮೇಲೆ. ಧಾರಣೆಯ ಮಾತು ಊಟದ ಮುಂದೆ ಬೇಡ. ಪೂಜೆಗೆ ಕುಳಿತಾಗ ಹೊಟ್ಟೆ ಉಬ್ಬುವಂತೆ ಉಸಿರನ್ನು ಮೆಲ್ಲನೆ ಎಳೆದು, ಅದಕ್ಕಿಂತ ಮೆಲ್ಲನೆ ಬಿಡಿರಿ. ಐದು ನಿಮಿಷ ಸಾಕು. ಸಂಜೆ ತೋಟದಲ್ಲಿ ಅರ್ಧ ಗಂಟೆ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ಕೆಲವು ವಾರ ಬಿಡದೆ ನಡೆಸಬೇಕು, ಒಂದೆರಡು ದಿನಕ್ಕೆ ಫಲ ಕಾಣದು.

ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಉಣ್ಣುವ ತಾಯಂದಿರಿಗೂ ಇದೇ ಮಾತು. ಅವರ ಹೊಟ್ಟೆನೋವನ್ನು ಕೇಳುವವರೇ ಕಡಿಮೆ.