ರಾಜಿಗೆ ಸಹಿ ಹಾಕುವ ಮೊದಲು

ನಮ್ಮ ಓಣಿಯ ಒಬ್ಬ ಗೌಂಡಿ ಎರಡು ವರ್ಷದ ಹಿಂದೆ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ಗೂಡ್ಸ್ ಗಾಡಿಯೊಂದು ರಾಂಗ್ ಸೈಡಿನಲ್ಲಿ ಬಂದು ಗುದ್ದಿತು. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ವಯಸ್ಸು 34. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು, ವಯಸ್ಸಾದ ತಾಯಿ. ಅವರ ಹೆಂಡತಿಯನ್ನು ನಾನು ಖಾಲಾ ಎಂದು ಕರೆಯುತ್ತೇನೆ.

ಮಣ್ಣು ಮಾಡಿ ಹತ್ತು ದಿನ ಆಗಿರಲಿಲ್ಲ. ನಾಲ್ಕು ಜನ ಹಿರಿಯರು ಕುಳಿತು ಗಾಡಿ ಮಾಲೀಕನಿಂದ 1,50,000 ರೂಪಾಯಿ ಕೊಡಿಸಿದರು. ಬಾಂಡ್ ಪೇಪರಿನ ಮೇಲೆ 'ನಮ್ಮದು ಇನ್ನು ಯಾವ ತಕರಾರೂ ಇಲ್ಲ' ಎಂದು ಬರೆಸಿದರು. ಖಾಲಾ ಆಗ ಇದ್ದತ್‌ನಲ್ಲಿದ್ದರು. ಹೊರಗೆ ಬರುವಂತಿರಲಿಲ್ಲ. ಪೇಪರ್ ಒಳಗೆ ಹೋಯಿತು, ಸಹಿ ಆಗಿ ಹೊರಗೆ ಬಂತು. ಓದಿ ಹೇಳಿದವರು ಯಾರೂ ಇಲ್ಲ. ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು. ಅವರಲ್ಲಿ ಇಬ್ಬರು ಮೂರು ದಿನ ಆ ಮನೆಗೆ ಊಟ ಕಳಿಸಿದವರು. ಆದರೂ ಆ ರಾಜಿ ತಪ್ಪು ಎಂದು ಹೇಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಾನು ಕಾಮರ್ಸ್ ವಿದ್ಯಾರ್ಥಿ. ಆದ್ದರಿಂದ ಮೊದಲು ಲೆಕ್ಕ. ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಕುಟುಂಬಕ್ಕೆ ಎಷ್ಟು ಪರಿಹಾರ ಎನ್ನುವುದಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಒಂದು ಕೋಷ್ಟಕ ಕೊಟ್ಟಿತು, 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ನಮ್ಮ ಅಕೌಂಟೆನ್ಸಿ ಲೆಕ್ಕಕ್ಕಿಂತ ಅದು ಕಷ್ಟವೇನಲ್ಲ. ಗೌಂಡಿ ಕೆಲಸದಲ್ಲಿ ತಿಂಗಳಿಗೆ 14,000 ಬರುತ್ತಿತ್ತು ಎಂದು ಹಿಡಿಯೋಣ. ಸ್ವಂತ ದುಡಿಮೆಯವರು, 40 ವರ್ಷದೊಳಗಿನವರು ಎಂದರೆ ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇಕಡಾ 40 ಸೇರಿಸುತ್ತಾರೆ. 19,600 ಆಯಿತು. ವರ್ಷಕ್ಕೆ 2,35,200. ನಾಲ್ಕರಿಂದ ಆರು ಜನ ಅವಲಂಬಿತರಿದ್ದರೆ ತೀರಿಕೊಂಡವರ ಸ್ವಂತ ಖರ್ಚು ಎಂದು ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 1,76,400. ವಯಸ್ಸು 31ರಿಂದ 35ರ ನಡುವೆ ಇದ್ದರೆ ಗುಣಕ 16. ಗುಣಿಸಿದರೆ 28,22,400 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಗಂಡನನ್ನು ಕಳೆದುಕೊಂಡದ್ದಕ್ಕೆ ಕೊಡುವುದು ಇವೆಲ್ಲ ಬೇರೆ.

ಒಂದೂವರೆ ಲಕ್ಷ ಎಲ್ಲಿ, ಇಪ್ಪತ್ತೆಂಟು ಲಕ್ಷ ಎಲ್ಲಿ. ಕ್ಯಾಲ್ಕುಲೇಟರ್ ತಪ್ಪಾಗಿರಬೇಕು ಎಂದು ನಾನು ಎರಡು ಸಲ ಒತ್ತಿ ನೋಡಿದೆ.

ಕೋರ್ಟ್ ಇಷ್ಟೇ ಕೊಡುತ್ತಿತ್ತು ಎಂದು ನಾನು ಹೇಳುವುದಿಲ್ಲ. ದಿನಗೂಲಿಗೆ ಸ್ಯಾಲರಿ ಸ್ಲಿಪ್ ಇರುವುದಿಲ್ಲ, ಆಗ ನ್ಯಾಯಾಧೀಶರು ಆ ವರ್ಷಕ್ಕೆ ಸರಿಯಾದ ಅಂದಾಜು ಆದಾಯ ಹಿಡಿಯುತ್ತಾರೆ. ಬೈಕ್ ಹೊಡೆಯುವವರದ್ದೂ ತಪ್ಪಿದ್ದರೆ ಅಷ್ಟು ಪಾಲು ಕಳೆಯುತ್ತಾರೆ. ಆದರೆ ಎಷ್ಟು ಕಳೆದರೂ ಒಂದೂವರೆ ಲಕ್ಷಕ್ಕೆ ಇಳಿಯುವುದು ಕಷ್ಟ. ಇನ್ನೊಂದು ಮಾತು, ಈ ದುಡ್ಡು ಮಾಲೀಕ ಹೊಲ ಮಾರಿ ಕೊಡಬೇಕಾದದ್ದಲ್ಲ. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆ ಗಾಡಿಗೂ ಇತ್ತು. ಕಂತು ಕಟ್ಟಿಸಿಕೊಂಡ ಕಂಪನಿ ಕೊಡಬೇಕಾಗಿತ್ತು. 'ಪಾಪ, ಅವನೂ ಬಡವ' ಎಂದು ಹಿರಿಯರು ಮಾಲೀಕನ ಮೇಲೆ ಕರುಣೆ ತೋರಿಸಿದರು. ಲಾಭ ಆದದ್ದು ಕಂಪನಿಗೆ.

ನಮ್ಮ ಕಡೆ 'ಪರಿಹಾರ' ಎಂದರೆ ಮಂತ್ರಿಗಳು ಕೊಡುವ ಚೆಕ್ ಎಂದೇ ಜನ ತಿಳಿದಿದ್ದಾರೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನ ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಘಟ್ಟದಲ್ಲಿ ಕಮರಿಗೆ ಉರುಳಿತು. ಅಂದಿನ ಲೆಕ್ಕಕ್ಕೆ ಹತ್ತು ಜನ ತೀರಿಕೊಂಡರು. ಅದೇ ದಿನ ನಮ್ಮ ಪಕ್ಕದ ಸಿಂಧನೂರಿನ ಹತ್ತಿರ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ಮೂವರು ವಿದ್ಯಾರ್ಥಿಗಳು, ಅವರ ಗಾಡಿಯ ಡ್ರೈವರ್ ಹೋದರು. ಪ್ರಧಾನಮಂತ್ರಿ ಪರಿಹಾರ ನಿಧಿಯಿಂದ 2 ಲಕ್ಷ, ಮುಖ್ಯಮಂತ್ರಿಗಳಿಂದ 3 ಲಕ್ಷ ಎಂದು ಘೋಷಣೆ ಆಯಿತು. ಆ ಸಹಾಯ ಬೇಕು, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದು ಸರ್ಕಾರ ಮನಸ್ಸು ಮಾಡಿ ಕೊಡುವುದು. ಕ್ಲೇಮು ಹಾಗಲ್ಲ, ಅದು ಕೇಳಿ ಪಡೆಯುವ ಹಕ್ಕು. ಒಂದು ಬಂತೆಂದು ಇನ್ನೊಂದನ್ನು ಬಿಡಬೇಕಾಗಿಲ್ಲ.

ಸವಣೂರಿನ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಅಮ್ಮಿ ಟಿವಿ ಆಫ್ ಮಾಡಿಬಿಟ್ಟರು. ಕಾರಣವಿದೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಹುಣಸಗಿ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಗೂಡ್ಸ್ ಗಾಡಿಯಲ್ಲಿ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತೇ ಹೋಗುತ್ತಾರೆ. ನಮ್ಮ ಸಂಬಂಧಿಕರೂ ಹೋಗುತ್ತಾರೆ. ಇವರ ವಿಷಯದಲ್ಲಿ ಕಾನೂನು ಬಹಳ ಗಡುಸು. 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋಗುವ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಜವಾಬ್ದಾರಿಯಲ್ಲ. 1994ರ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಅವರಿಗೆ ರಕ್ಷಣೆ ಇದೆ. ಅಂದರೆ ಮೆಣಸಿನಕಾಯಿ ಚೀಲದ ಮಾಲೀಕನಿಗೆ ಇದೆ, ಅದನ್ನು ಬಿಡಿಸಿದ ಹೆಣ್ಣುಮಗಳಿಗೆ ಇಲ್ಲ. ಆಗ ಗಾಡಿ ಮಾಲೀಕನೇ ಕೊಡಬೇಕು, ಅವನ ಹತ್ತಿರ ಗಾಡಿಯ ಸಾಲ ಬಿಟ್ಟರೆ ಏನೂ ಇರುವುದಿಲ್ಲ. ನಾನು ಮೇಲೆ ಮಾಡಿದ ಲೆಕ್ಕ ಇವರ ಪಾಲಿಗೆ ಕಾಗದದ ಮೇಲೆಯೇ ಉಳಿಯಬಹುದು. 'ಹತ್ತಬೇಡಿ' ಎಂದು ಹೇಳುವುದು ಸುಲಭ. ನಸುಕಿನಲ್ಲಿ ಹೊಲದ ಕಡೆಗೆ ಹೋಗುವ ಬಸ್ ಯಾವುದಿದೆ? ಕೂಲಿಯವರನ್ನು ಕರೆದೊಯ್ಯುವ ಗಾಡಿಗೆ ಅವರ ಹೆಸರಿನಲ್ಲೂ ಇನ್ಶೂರೆನ್ಸ್ ಕಟ್ಟುವಂತೆ ಸರ್ಕಾರ ಮಾಡಬೇಕು ಎಂದು ನನ್ನ ಅಭಿಪ್ರಾಯ.

ಈಗ ಖಾಲಾ ಹೇಳಿದ ಮಾತಿಗೆ ಬರುತ್ತೇನೆ. ನಾನು ಈ ಲೆಕ್ಕ ತೋರಿಸಿದಾಗ ಅವರು 'ಖೂನ್ ಕೇ ಪೈಸೆ ನಕ್ಕೊ ಬೇಟಾ' ಎಂದರು. ರಕ್ತದ ದುಡ್ಡು ಬೇಡ ಎಂದು. ತಕ್ದೀರಿನಲ್ಲಿ ಇದ್ದದ್ದು ಆಯಿತು, ಸಬರ್ ಮಾಡಬೇಕು ಎಂದರು. ಅವರ ಎದುರು ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಅಬ್ಬಾ ಹತ್ತಿರ ಕೇಳಿದೆ. ಅಬ್ಬಾ ಸೂರಾ ಅನ್ನಿಸಾದ 92ನೇ ಆಯತ್ ತೆಗೆದು ತೋರಿಸಿದರು. ಕೈತಪ್ಪಿ ಒಬ್ಬರ ಜೀವ ಹೋದರೆ ವಾರಸುದಾರರಿಗೆ ದಿಯತ್ ಕೊಡಬೇಕು, ಅವರು ತಾವಾಗಿ ಮಾಫ್ ಮಾಡಿದರೆ ಮಾತ್ರ ಬಿಡಬಹುದು ಎಂಬ ಹುಕುಂ ಅಲ್ಲಿದೆ. ಕೋರ್ಟಿನ ಪರಿಹಾರವೂ ದಿಯತ್ತೂ ಒಂದೇ ಎಂದು ನಾನು ಹೇಳುತ್ತಿಲ್ಲ, ಅಷ್ಟು ಓದಿದವರಿಗೆ ಅದನ್ನು ಬಿಡುತ್ತೇನೆ. ಆದರೆ ಸತ್ತವರ ಮನೆಯವರು ದುಡ್ಡು ತೆಗೆದುಕೊಳ್ಳುವುದೇ ನಾಚಿಕೆ ಎಂಬ ಮಾತು ನಮ್ಮ ದೀನ್‌ನಿಂದ ಬಂದದ್ದಲ್ಲ. ಮಾಫ್ ಮಾಡುವ ಹಕ್ಕು ಕೂಡ ವಾರಸುದಾರರದು, ಓಣಿಯ ಹಿರಿಯರದಲ್ಲ. ಮೂರು ಯತೀಮ್ ಮಕ್ಕಳ ಪಾಲನ್ನು ಅವರ ಪರವಾಗಿ ಇನ್ನೊಬ್ಬರು ಹೇಗೆ ಬಿಟ್ಟುಕೊಟ್ಟರು? ಕೋರ್ಟಿನಲ್ಲಾದರೆ ಸಣ್ಣ ಮಕ್ಕಳ ಪಾಲನ್ನು ಅವರಿಗೆ 18 ಆಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ, ಮಾವನೂ ಮುಟ್ಟುವಂತಿಲ್ಲ.

'ಕೋರ್ಟಿಗೆ ಹೋದರೆ ವರ್ಷಗಟ್ಟಲೆ' ಎನ್ನುವುದು ಇನ್ನೊಂದು ಮಾತು. ಇದರಲ್ಲಿ ನಿಜವಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಬಿದ್ದು 158 ಜನ ತೀರಿಕೊಂಡರು. ಅದರಲ್ಲಿ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟಿನ ಕೊನೆಯ ಆದೇಶ ಸಿಕ್ಕಿದ್ದು 2020ರ ಮಾರ್ಚಿನಲ್ಲಿ, ಹೆಚ್ಚುಕಡಿಮೆ ಹತ್ತು ವರ್ಷಕ್ಕೆ. ಮೊತ್ತ 7.64 ಕೋಟಿ. ತೀರಿಕೊಂಡವರು ದೊಡ್ಡ ಸಂಬಳದವರು. ಸಂಬಳ ನೋಡಿ ಜೀವಕ್ಕೆ ಬೆಲೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಕಾನೂನು ಸದ್ಯ ಹಾಗಿದೆ. ಸ್ವಲ್ಪ ಬದಲಾಗಿಯೂ ಇದೆ. ಮನೆಯಲ್ಲಿ ದುಡಿಯುವ ಹೆಂಗಸಿನ ಕೆಲಸಕ್ಕೂ ಆದಾಯ ಕಟ್ಟಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. ಇದನ್ನು ಓದಿ ಹೇಳಿದಾಗ ನಮ್ಮ ಅಮ್ಮಿ, 'ಹಾಗಾದರೆ ನನಗೆ ಎಷ್ಟು, ಲೆಕ್ಕ ಹಾಕು' ಎಂದು ನಕ್ಕರು. ನಾನು ಹಾಕಲಿಲ್ಲ.

ತಡವಾಗುತ್ತದೆ ಎಂದು ಸುಮ್ಮನಿದ್ದರೆ ಗಡುವು ಮೀರುತ್ತದೆ. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಕ್ಲೇಮು ಹಾಕಬೇಕು ಎಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ, ಆದರೂ ಅದನ್ನು ನಂಬಿ ಕೂರಬಾರದು. ಬೆಂಗಳೂರು, ಪುಣೆ ಕಡೆ ದುಡಿಯಲು ಹೋಗಿ ಅಲ್ಲಿ ಅಪಘಾತವಾದರೂ ಕುಟುಂಬ ತಾನಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುದ್ದಿದ ಗಾಡಿ ಸಿಗದೆ ಓಡಿಹೋದರೂ ಸರ್ಕಾರದ ಯೋಜನೆಯಲ್ಲಿ 2 ಲಕ್ಷ ಇದೆ, 2022ಕ್ಕೆ ಮೊದಲು ಅದು ಬರೀ 25,000 ಇತ್ತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಎಂದು ವಕೀಲರು ಮಾತಾಡಿಕೊಳ್ಳುವುದು ಅವರ ನಿಯಮದಲ್ಲೇ ನಿಷಿದ್ಧ. ಇದನ್ನೆಲ್ಲ ಆ ಹತ್ತು ದಿನದಲ್ಲಿ ಖಾಲಾಗೆ ಹೇಳುವವರು ಒಬ್ಬರಾದರೂ ಇದ್ದಿದ್ದರೆ!

ನಮ್ಮ ಪ್ರಿನ್ಸಿಪಾಲರಿಗೆ, ಆಡಳಿತ ಮಂಡಳಿಯವರಿಗೆ ಒಂದು ವಿನಂತಿ. ಓಣಿಯ ಹಿರಿಯರು ನಿಮ್ಮ ಮಾತು ಕೇಳುತ್ತಾರೆ, ನಮ್ಮದು ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಬಾಂಡ್ ಪೇಪರ್ ತರುವ ಮೊದಲು ಒಬ್ಬ ವಕೀಲರಿಗೆ ತೋರಿಸಿ ಎಂದು ಜುಮಾ ದಿನ ಮಸೀದಿಯಲ್ಲಿ ಒಂದು ಮಾತು ಹೇಳಿಸಿ. ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ಒಂದು ಶನಿವಾರ ಕಾಲೇಜಿಗೆ ಕರೆಸಿ, ಆ ದಿನ ತಾಯಂದಿರಿಗೂ ಬರಲು ಹೇಳಿ. ಗುಣಕದ ಕೋಷ್ಟಕವನ್ನು ನಾವು ಕಾಮರ್ಸ್ ಸೆಕ್ಷನ್‌ನವರು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಕಳೆದ ವಾರ ಖಾಲಾ ತಾವಾಗಿಯೇ ಮನೆಗೆ ಬಂದು ಬಾಂಡ್ ಪೇಪರಿನ ಜೆರಾಕ್ಸು, ಎಫ್‌ಐಆರ್ ಕಾಪಿ ಅಬ್ಬಾ ಕೈಗೆ ಕೊಟ್ಟರು. ಏನೂ ಮಾತಾಡಲಿಲ್ಲ, ಚಹಾ ಕುಡಿದು ಹೋದರು. ಇನ್ನೂ ದಾರಿ ಇದೆಯೋ ಇಲ್ಲವೋ ಕೇಳಲಿಕ್ಕೆ ಸೋಮವಾರ ಅಬ್ಬಾ ಸುರಪುರಕ್ಕೆ ಹೊರಟಿದ್ದಾರೆ. ನನಗೆ ಅಂದು ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಇದೆ, ಇಲ್ಲದಿದ್ದರೆ ನಾನೂ ಹೋಗುತ್ತಿದ್ದೆ.