ಗೋಡೆಯಲ್ಲಿ ಫೋರ್‌ಕೆ, ಹಿಂದೆ ಹಳದಿ ವೈರು

ತಿಪಟೂರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಈಚೀಚೆಗೆ ಬರುವ ದೂರುಗಳಲ್ಲಿ ಕೆಟ್ಟುಹೋದ ಟಿವಿಯದಕ್ಕಿಂತ ಹೊಸ ಟಿವಿಯದೇ ಜಾಸ್ತಿ. "ಅಣ್ಣಾ, ಮೂವತ್ತು ಸಾವಿರ ಕೊಟ್ಟು ತಂದಿದೀವಿ, ಕ್ಲಾರಿಟಿನೇ ಇಲ್ಲ. ಹಳೇ ಡಬ್ಬಾ ಟಿವಿನೇ ವಾಸಿ ಇತ್ತು" ಅಂತ ಫೋನು. ಹೋಗಿ ನೋಡಿದರೆ ಟಿವಿ ಸರಿಯಾಗೇ ಇರುತ್ತದೆ. ಗೋಡೆಯ ಮೇಲೆ 43 ಇಂಚಿನ ಫೋರ್‌ಕೆ, ಅಂಚಿನ ಸ್ಟಿಕ್ಕರ್ ಕೂಡ ಕಿತ್ತಿರುವುದಿಲ್ಲ. ಹಿಂದಕ್ಕೆ ಕೈ ಹಾಕಿದರೆ ಸಿಗುವುದು ಹಳದಿ, ಕೆಂಪು, ಬಿಳಿ ಪಿನ್ನಿನ ಮೂರು ವೈರು. ಅದರ ಇನ್ನೊಂದು ತುದಿಯಲ್ಲಿ ಕೇಬಲ್‌ನವರು ಎಂಟು ಹತ್ತು ವರ್ಷದ ಹಿಂದೆ ಕೊಟ್ಟ ಎಸ್‌ಡಿ ಡಬ್ಬಿ.

ಲೆಕ್ಕ ಬಿಡಿಸಿ ಹೇಳುತ್ತೇನೆ. ಎಸ್‌ಡಿ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಅಂದರೆ ನಾಲ್ಕು ಲಕ್ಷ ಚಿಲ್ಲರೆ. ಫುಲ್ ಎಚ್‌ಡಿ ಅಂದರೆ 1920ಕ್ಕೆ 1080, ಇಪ್ಪತ್ತು ಲಕ್ಷ ದಾಟುತ್ತದೆ. ಫೋರ್‌ಕೆ ಟಿವಿಯಲ್ಲಿ 3840ಕ್ಕೆ 2160, ಸುಮಾರು 83 ಲಕ್ಷ. ಡಬ್ಬಿಯಿಂದ ನಾಲ್ಕು ಲಕ್ಷ ಬಂದರೆ ಉಳಿದದ್ದನ್ನೆಲ್ಲ ಟಿವಿ ತನ್ನ ಅಂದಾಜಿನ ಮೇಲೆ ತುಂಬಿಕೊಳ್ಳಬೇಕು. ಒಂದು ಲೋಟ ಹಾಲಿಗೆ ಒಂದು ಕೊಡ ನೀರು ಬೆರೆಸಿದ ಹಾಗೆ. ಟಿವಿ ಪಾಪ ಏನು ಮಾಡೀತು?

ಇನ್ನೂ ಒಂದು ವಿಷಯ ಹೇಳಿದರೆ ಜನ ನಂಬುವುದಿಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಪ್ರಸಾರ ಬಂತಲ್ಲ, ಆಗಿನ 625 ಗೆರೆಗಳಲ್ಲಿ ಚಿತ್ರ ಹೊತ್ತು ಬರುತ್ತಿದ್ದವು 576. ಇವತ್ತಿನ ಎಸ್‌ಡಿಯದೂ ಅದೇ 576. ಮಾಳಿಗೆ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತಾ? ಈಗ ಬಂತಾ?" ಅಂತ ಕೂಗುತ್ತಿದ್ದ ಕಾಲದ ಗೆರೆಗಳನ್ನೇ ನಾವು ಇನ್ನೂ ನೋಡುತ್ತಿದ್ದೇವೆ, ಪರದೆ ಮಾತ್ರ ದೊಡ್ಡದಾಯಿತು. ಹಳೇ ಟಿವಿ ವಾಸಿ ಇತ್ತು ಅನ್ನುವವರ ಮಾತು ಅದಕ್ಕೇ ಸುಳ್ಳಲ್ಲ. 21 ಇಂಚಿನ ಪಿಕ್ಚರ್ ಟ್ಯೂಬಿನಲ್ಲಿ ಗೆರೆಗೆ ಗೆರೆ ಒಂದಿಷ್ಟು ಕಲೆತು ಹೋಗಿ ಚಿತ್ರ ನುಣ್ಣಗೆ ಕಾಣುತ್ತಿತ್ತು. ಅದನ್ನೇ 43 ಇಂಚಿಗೆ ಎಳೆದರೆ ಮುಖದ ಸುತ್ತ ನುಸಿ ಮುತ್ತಿದಂತೆ ಕಾಣುತ್ತದೆ. ಕೆಲವರ ಮನೆಯಲ್ಲಿ ಹಳೆಯ ಚೌಕ ಚಿತ್ರವನ್ನು ಪರದೆ ತುಂಬ ಹಿಗ್ಗಿಸಿಕೊಂಡಿರುತ್ತಾರೆ. ಕಪ್ಪುಬಿಳುಪಿನ ಕಾಲದ ರಾಜ್‌ಕುಮಾರರೂ ಅದರಲ್ಲಿ ಅಗಲ ಮುಖದವರಾಗಿ ಕೂತಿರುತ್ತಾರೆ. ರಿಮೋಟಿನ ಒಂದು ಗುಂಡಿಯಲ್ಲಿ ಸರಿಹೋಗುವಂಥದ್ದು, ಆದರೆ "ಅಂಚಿಗೆ ಕಪ್ಪು ಪಟ್ಟಿ ಬಂದ್ರೆ ಕೊಟ್ಟ ದುಡ್ಡು ವೇಸ್ಟು" ಅಂತ ಯಾರೂ ಒಪ್ಪುವುದಿಲ್ಲ.

ಹಾಗಾದರೆ ಎಚ್‌ಡಿಗೆ ಹೆಚ್ಚು ದುಡ್ಡು ಕೊಡಬೇಕೋ ಬೇಡವೋ? ಕೊಡಬೇಕು, ಖಂಡಿತ ಕೊಡಬೇಕು ಅನ್ನುವವನು ನಾನು. ಫೋರ್‌ಕೆಗೆ? ಬಹುಪಾಲು ಮನೆಗಳಲ್ಲಿ ಬೇಡ. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಷೋರೂಮಿನ ಹುಡುಗರು ಎರಡನ್ನೂ ಗಂಟು ಹಾಕಿ ಒಂದೇ ಉತ್ತರ ಕೊಡುತ್ತಾರೆ, ಆ ಉತ್ತರ ಯಾವಾಗಲೂ ಮುಂದಿನ ಮಾಡೆಲ್ಲೇ ಆಗಿರುತ್ತದೆ.

ಯಾಕೆ ಬೇಡ ಅನ್ನುವುದಕ್ಕೆ ಒಂದು ಅಳತೆ ಟೇಪು ಸಾಕು. ಕಣ್ಣು ಸರಿಯಾಗಿರುವ ಮನುಷ್ಯ ಒಂದು ಮಿಲಿಮೀಟರ್ ಅಂತರದ ಎರಡು ಚುಕ್ಕಿಗಳನ್ನು ಸುಮಾರು ಮೂರೂವರೆ ಮೀಟರ್ ದೂರದವರೆಗೆ ಬಿಡಿಸಿ ನೋಡಬಲ್ಲ. ಅದಕ್ಕಿಂತ ಆಚೆ ಹೋದರೆ ಎರಡೂ ಒಂದಾಗುತ್ತವೆ. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ. ಅದರಲ್ಲಿ 1920 ಚುಕ್ಕಿ ಕೂರಿಸಿದರೆ ಒಂದೊಂದೂ ಅರ್ಧ ಮಿಲಿಮೀಟರ್. ಐದೂವರೆ ಅಡಿ ಹಿಂದೆ ಸರಿದರೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ನಮ್ಮ ಕಡೆ ಮನೆಗಳ ಹಾಲ್‌ನಲ್ಲಿ ಸೋಫಾ ಒಂದು ಗೋಡೆಗೆ, ಟಿವಿ ಎದುರು ಗೋಡೆಗೆ. ನಡುವೆ ಒಂಬತ್ತೋ ಹತ್ತೋ ಅಡಿ. ಅಲ್ಲಿ ಕೂತವರಿಗೆ ಫುಲ್ ಎಚ್‌ಡಿಗೂ ಫೋರ್‌ಕೆಗೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಫೋರ್‌ಕೆಯ ಪೂರ್ತಿ ಬೆಲೆ ವಸೂಲಾಗಬೇಕಾದರೆ ಮೂರು ಅಡಿ ಹತ್ತಿರ ಕುರ್ಚಿ ಎಳೆದುಕೊಳ್ಳಬೇಕು. "ಟಿವಿ ಹತ್ತಿರ ಕೂರಬೇಡ" ಅಂತ ಮಕ್ಕಳಿಗೆ ಬೈದವರು ನಾವು.

ಅದೇ ಲೆಕ್ಕವನ್ನು ಎಸ್‌ಡಿಗೆ ಹಾಕಿ. 95 ಸೆಂಟಿಮೀಟರಿಗೆ 720 ಚುಕ್ಕಿ, ಒಂದೊಂದೂ ಒಂದು ಮಿಲಿಮೀಟರಿಗಿಂತ ದಪ್ಪ. ಹದಿನೈದು ಅಡಿ ದೂರದವರೆಗೂ ಒರಟುತನ ಕಣ್ಣಿಗೆ ಹೊಡೆಯುತ್ತದೆ. ಎಸ್‌ಡಿಯಿಂದ ಎಚ್‌ಡಿಗೆ ಹೋದರೆ ಕನ್ನಡಕ ಹಾಕಿದ ಅಜ್ಜಿಗೂ ಗೊತ್ತಾಗುತ್ತದೆ ಅನ್ನುವುದು ಇದೇ ಕಾರಣಕ್ಕೆ. ನಿವೃತ್ತ ಹೆಡ್‌ಮಿಸ್ ಒಬ್ಬರ ಮನೆಗೆ ಎಚ್‌ಡಿ ಡಬ್ಬಿ ಹಾಕಿ, ಎಚ್‌ಡಿಎಂಐ ವೈರು ಸಿಕ್ಕಿಸಿ, ಅವರು ದಿನಾ ನೋಡುವ ಸೀರಿಯಲ್ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಅತ್ತೆ ಪಾತ್ರದವಳ ಮೇಕಪ್ಪು ಕುತ್ತಿಗೆ ಹತ್ರ ನಿಂತೇ ಹೋಗಿದೆಯಲ್ಲೋ" ಅಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಎಚ್‌ಡಿಗೆ ಬೇಡ.

ಕೊಳ್ಳುವಾಗ ಮೋಸಹೋಗುವುದು ಷೋರೂಮಿನ ಗೋಡೆಯ ಮುಂದೆ. ಅಲ್ಲಿ ನಾವು ನಿಲ್ಲುವುದು ಎರಡು ಅಡಿ ದೂರದಲ್ಲಿ. ಓಡುತ್ತಿರುವುದು ಪೆನ್‌ಡ್ರೈವಿನ ವಿಡಿಯೊ: ನವಿಲುಗರಿ, ಹೂವಿನ ತೋಟ, ಹಣ್ಣಿನ ಮೇಲಿನ ನೀರ ಹನಿ. ಬೆಳಕು ಪೂರ್ತಿ ಏರಿಸಿ, ಬಣ್ಣ ರಾಚುವಂತೆ 'ವಿವಿಡ್' ಮಾಡಿಟ್ಟಿರುತ್ತಾರೆ. ಎಷ್ಟೋ ಜನ ಮನೆಯಲ್ಲೂ ಅದೇ ವಿವಿಡ್‌ನಲ್ಲಿ ವರ್ಷಗಟ್ಟಲೆ ನೋಡುತ್ತಾರೆ. ಪರದೆಯ ಹಿಂದಿನ ಬ್ಯಾಕ್‌ಲೈಟ್ ಪಟ್ಟಿಗಳು ದಿನವಿಡೀ ಪೂರ್ತಿ ಉರಿದು ಕಾದು ಬೇಗ ಸಾಯುತ್ತವೆ. ಆಮೇಲೆ ಮಾತು ಕೇಳುತ್ತದೆ, ಚಿತ್ರ ಇಲ್ಲ. ನನ್ನ ಮೇಜಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ಇದು ಬಹಳ ಸಾಮಾನ್ಯ ಕಾಯಿಲೆ. ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಿದರೆ ಟಿವಿಗೂ ಕಣ್ಣಿಗೂ ಕರೆಂಟ್ ಬಿಲ್ಲಿಗೂ ಒಳ್ಳೆಯದು ಅಂತ ಹೇಳಿ ಬರುತ್ತೇನೆ, ನಾನು ಗೇಟು ದಾಟುವುದರೊಳಗೆ ಮತ್ತೆ ಏರಿಸಿರುತ್ತಾರೆ.

ಇನ್ನು ಕತ್ತಲು. 'ಕಾಂತಾರ' ಚಿತ್ರದ ರಾತ್ರಿಯ ಕೋಲದ ದೃಶ್ಯವನ್ನು ಅಗ್ಗದ ಫೋರ್‌ಕೆ ಟಿವಿಯಲ್ಲಿ ಹಾಕಿ ನೋಡಿ. ಪಂಜಿನ ಬೆಳಕಿನಾಚೆ ಕಗ್ಗತ್ತಲು ಇರಬೇಕಾದಲ್ಲಿ ಬೂದಿ ಬಣ್ಣ. 'ಕೆಜಿಎಫ್' ಗಣಿಯ ಮಸಿಯಂಥ ಕಪ್ಪೂ ಅಷ್ಟೇ. ಕಪ್ಪು ಕಪ್ಪಾಗಿ ಕಾಣುವುದಕ್ಕೂ ಚುಕ್ಕಿಗಳ ಸಂಖ್ಯೆಗೂ ಸಂಬಂಧವಿಲ್ಲ. ಅದು ಪ್ಯಾನೆಲ್ಲಿನ ಗುಣ, ಬ್ಯಾಕ್‌ಲೈಟನ್ನು ಬೇಕಾದ ಜಾಗದಲ್ಲಿ ಮಾತ್ರ ಆರಿಸುವ ಸಾಮರ್ಥ್ಯ. ಹೆಚ್ಚುವರಿ ಹತ್ತು ಸಾವಿರ ನಿಮ್ಮ ಹತ್ತಿರ ಇದ್ದರೆ ಅಲ್ಲಿಗೆ ಕೊಡಿ, ಅಥವಾ ಧ್ವನಿಗೆ ಕೊಡಿ. ಟಿವಿ ತೆಳ್ಳಗಾದಷ್ಟೂ ಸ್ಪೀಕರು ಸಣ್ಣದಾಗಿ, ನೆಲಕ್ಕೆ ಮುಖ ಮಾಡಿಕೊಂಡು ಕೂತಿದೆ. ಹಳೇ ಡಬ್ಬಾಗಳಲ್ಲಿ ಸ್ಪೀಕರು ನಮ್ಮನ್ನು ನೋಡುತ್ತಿತ್ತು. ವಯಸ್ಸಾದವರಿರುವ ಮನೆಯಲ್ಲಿ "ಏನಂದ? ಏನಂದ?" ಅನ್ನುವ ಪ್ರಶ್ನೆಗೆ 83 ಲಕ್ಷ ಚುಕ್ಕಿಗಳಲ್ಲಿ ಒಂದೂ ಉತ್ತರ ಹೇಳುವುದಿಲ್ಲ, ಒಂದು ಸಾಧಾರಣ ಸೌಂಡ್‌ಬಾರ್ ಹೇಳುತ್ತದೆ.

ಫೋರ್‌ಕೆಯಲ್ಲಿ ನೋಡುವುದಕ್ಕಾದರೂ ಏನಿದೆ? ಕೇಬಲ್ಲಿನಲ್ಲಿ, ಡಿಶ್‌ನಲ್ಲಿ ನಾವು ದಿನಾ ನೋಡುವ ಕನ್ನಡ ಮನರಂಜನೆ ಚಾನೆಲ್ಲುಗಳು ಹೆಚ್ಚೆಂದರೆ ಎಚ್‌ಡಿಯವರೆಗೆ ಬಂದಿವೆ. ಸುದ್ದಿಗೆ ಎಚ್‌ಡಿ ಬೇಕೂ ಇಲ್ಲ, ಅಲ್ಲಿ ಪರದೆಯ ಅರ್ಧ ಭಾಗ ಅಕ್ಷರ. ಓಟಿಟಿ ಇದೆ ಅನ್ನಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಫೋರ್‌ಕೆ ಸಿಗುವುದು ತಿಂಗಳಿಗೆ 649 ರೂಪಾಯಿಯ ಪ್ಲಾನಿನಲ್ಲಿ ಮಾತ್ರ, ಜೊತೆಗೆ 15 ಎಂಬಿಪಿಎಸ್ ವೇಗದ ಇಂಟರ್‌ನೆಟ್ ಬೇಕು ಎಂದು ಅವರೇ ಹೇಳುತ್ತಾರೆ. 199ರ ಪ್ಲಾನ್ ಹಾಕಿಸಿಕೊಂಡು ಫೋರ್‌ಕೆ ಟಿವಿಯಲ್ಲಿ ನೋಡುವವರಿಗೆ ಬರುವುದು 720 ಗೆರೆ. ಫೈಬರ್ ಸಂಪರ್ಕವಿದ್ದು, 55 ಇಂಚಿನದನ್ನು ಆರು ಏಳು ಅಡಿಯಿಂದ ನೋಡುವ, ದೊಡ್ಡ ಪ್ಲಾನ್ ಕಟ್ಟುವ ಮನೆಯವರಿಗೆ ಫೋರ್‌ಕೆ ಸರಿ. ಮನೆಯಲ್ಲಿ ಗೇಮ್ ಆಡುವ ಹುಡುಗರಿದ್ದರೂ ಸರಿ. ಕ್ರಿಕೆಟ್ಟಿಗಂತೂ ಒಳ್ಳೆಯ ಎಚ್‌ಡಿ ಧಾರಾಳವಾಗಿ ಸಾಕು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಡೆಗೂ ಕಪ್ ಗೆದ್ದಾಗ ಇಂಟರ್‌ನೆಟ್‌ನಲ್ಲಿ ನೋಡುತ್ತಿದ್ದ ಮನೆಗಳಿಗೆ ಕೊನೆಯ ಓವರಿನ ಸುದ್ದಿ ಪಕ್ಕದ ಕೇಬಲ್ ಮನೆಯ ಕೂಗಿನಿಂದಲೇ ಮೊದಲು ಗೊತ್ತಾಗುತ್ತಿತ್ತು. ಚಿತ್ರ ಎಷ್ಟು ಸ್ವಚ್ಛ ಇದ್ದರೇನು, ಅರ್ಧ ನಿಮಿಷ ತಡವಾಗಿ ಬಂದರೆ!

ನನಗೆ ನಿಜಕ್ಕೂ ಸಿಟ್ಟು ಬರುವುದು ಟಿವಿ ಕಂಪನಿಗಳ ಮೇಲಲ್ಲ, ಚಾನೆಲ್ ದರದ ಮೇಲೆ. ಅತಿ ಅಗ್ಗದ 32 ಇಂಚಿನದ್ದೂ ಈಗ 'ಎಚ್‌ಡಿ ರೆಡಿ'. ಅಂಗಡಿಗಳಲ್ಲಿ ಎಸ್‌ಡಿ ಟಿವಿ ಅನ್ನುವ ವಸ್ತುವೇ ಮಾಯವಾಗಿದೆ. ಆದರೂ ಪ್ರಸಾರದಲ್ಲಿ ಎಸ್‌ಡಿ ಮಾಮೂಲು, ಎಚ್‌ಡಿ ಐಷಾರಾಮ. 2019ರಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ದರ ಪದ್ಧತಿಯಲ್ಲಿ, ಮೂಲ ಶುಲ್ಕದ ಲೆಕ್ಕಕ್ಕೆ ಒಂದು ಎಚ್‌ಡಿ ಚಾನೆಲ್ ಎರಡು ಎಸ್‌ಡಿ ಚಾನೆಲ್ಲಿಗೆ ಸಮ ಅಂತ ಎಣಿಸಿದರು. ಒಂದೇ ಚಾನೆಲ್ಲಿನ ಎಸ್‌ಡಿ, ಎಚ್‌ಡಿ ಎರಡನ್ನೂ ಒಂದೇ ಪ್ಯಾಕಿಗೆ ತುರುಕಬಾರದು ಎಂಬ ನಿಯಮವೂ ಬಂತು, ಅದು ಒಳ್ಳೆಯದೇ. ಆದರೆ ನಮ್ಮ ಕಡೆ ಕೇಬಲ್ ದುಡ್ಡಿಗೆ ಬರುವ ಹುಡುಗ ಯಾವ ಪ್ಯಾಕ್ ಬೇಕು ಅಂತ ಕೇಳುವುದಿಲ್ಲ, ಇರುವುದನ್ನೇ ಮುಂದುವರಿಸುತ್ತಾನೆ. ಕೇಳಿ ಹಾಕಿಸಿಕೊಂಡವರಲ್ಲೂ ಕೆಲವರು ರಿಮೋಟಿನಲ್ಲಿ ಬಾಯಿಪಾಠವಾದ ಹಳೇ ನಂಬರನ್ನೇ ಒತ್ತುತ್ತಾ ಎಸ್‌ಡಿಯನ್ನೇ ನೋಡುತ್ತಿರುತ್ತಾರೆ. ಇನ್ನು ಕೆಲವರ ಡಬ್ಬಿಯ ಸೆಟ್ಟಿಂಗ್ಸ್ 576ರಲ್ಲೇ ನಿಂತಿರುತ್ತದೆ. ಇಷ್ಟನ್ನು ಸರಿಮಾಡಿದ್ದಕ್ಕೆ ಜನ ನನಗೆ ಟಿವಿಯನ್ನೇ ಹೊಸದು ಮಾಡಿಕೊಟ್ಟವನ ಮರ್ಯಾದೆ ಕೊಡುತ್ತಾರೆ, ನಾನೂ ಬೇಡವೆನ್ನುವುದಿಲ್ಲ. ಆದರೂ ಹೇಳುತ್ತೇನೆ, ಮಾರುವ ಟಿವಿಯೆಲ್ಲ ಎಚ್‌ಡಿ ಆದಮೇಲೆ ಚಾನೆಲ್ಲಿಗೆ ಎರಡು ದರ ಯಾತಕ್ಕೆ? ಎಚ್‌ಡಿಯನ್ನೇ ಮಾಮೂಲು ದರಕ್ಕೆ ತರಬೇಕು. ತಿಂಗಳ ದುಡ್ಡೇ ಕಟ್ಟಲಾಗದವರಿಗೆ ದೂರದರ್ಶನದ ಫ್ರೀ ಡಿಶ್ ಹೇಗೂ ಇದೆ.

ನಮ್ಮ ಅಕ್ಕನ ಮಗ ಇದಕ್ಕೆಲ್ಲ ಒಪ್ಪುವುದಿಲ್ಲ. "ಮಾಮಾ, 43 ಇಂಚಿಗೆ ಹೋದ್ರೆ ಫೋರ್‌ಕೆ ಬಿಟ್ರೆ ಬೇರೆ ಸಿಗೋದೇ ಕಷ್ಟ. ಬೇಡ ಅಂದ್ರೂ ಅದೇ ಬರತ್ತೆ, ನೀನ್ಯಾಕೆ ತಲೆ ಕೆಡಿಸ್ಕೊತೀಯ?" ಅನ್ನುತ್ತಾನೆ. ಅವನ ಮಾತು ಒಂದಿಷ್ಟು ನಿಜ. ಬಂದದ್ದು ಬರಲಿ, ಆ ಸ್ಟಿಕ್ಕರಿಗಾಗಿ 32ರಲ್ಲಿ ಸಾಕಾಗುವ ಚಿಕ್ಕ ರೂಮಿಗೆ 55 ತರಬೇಡಿ, ಕಂತಿನಲ್ಲಿ ಸಿಗುತ್ತದೆ ಅಂತ ಮೇಲಿನ ಮಾಡೆಲ್ಲಿಗೆ ಏರಬೇಡಿ ಅನ್ನುವುದಷ್ಟೇ ನನ್ನ ತಕರಾರು. ದೊಡ್ಡ ಪ್ಯಾನೆಲ್ಲಿಗೆ ಮಗುವಿನ ಚೆಂಡು ಬಿದ್ದು ಬಿರುಕು ಬಿಟ್ಟರೆ ಹೊಸ ಪ್ಯಾನೆಲ್ಲಿನ ಬೆಲೆ ಹೆಚ್ಚುಕಡಿಮೆ ಟಿವಿಯ ಬೆಲೆಯೇ, ಒಡೆದದ್ದಕ್ಕೆ ವಾರಂಟಿಯೂ ಇರುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೂವತ್ತು ಸಾವಿರದ ಟಿವಿಯಲ್ಲಿ ಸುಮಾರು ಎರಡು ಸಾವಿರದ ಮುನ್ನೂರು ರೂಪಾಯಿ ಉಳಿತಾಯ. ಅಂಗಡಿಯವರು ಆ ದುಡ್ಡನ್ನು ತೋರಿಸಿಯೇ ಇನ್ನೊಂದು ಸೈಜ್ ಮೇಲಕ್ಕೆ ಹತ್ತಿಸುತ್ತಿದ್ದಾರೆ. ನನ್ನನ್ನು ಕೇಳಿದರೆ ಅದರಲ್ಲಿ ಎಚ್‌ಡಿ ಡಬ್ಬಿ ಹಾಕಿಸಿ, ಒಂದು ಎಚ್‌ಡಿಎಂಐ ವೈರು ತನ್ನಿ, ಮಿಕ್ಕಿದ್ದರಲ್ಲಿ ಎಷ್ಟು ತಿಂಗಳಾಗುತ್ತದೋ ಅಷ್ಟಕ್ಕೆ ನೀವು ನಿಜವಾಗಿ ನೋಡುವ ನಾಲ್ಕೈದು ಎಚ್‌ಡಿ ಚಾನೆಲ್ ಕಟ್ಟಿಸಿ. ವೈರು ಸಿಕ್ಕಿಸುವುದಕ್ಕೆ ನನ್ನನ್ನು ಕರೆಯಬೇಕಾಗಿಲ್ಲ, ಅದರ ಪಿನ್ನು ತಪ್ಪು ತೂತಿಗೆ ಹೋಗುವುದೇ ಇಲ್ಲ.